ಮಂಡಿ ಉಳುಕಿದಾಗ ಟೇಪ್ ಹಿಡಿದು ಕೂತೆ

ಮಂಡಿ ಉಳುಕಿದ ಹನ್ನೊಂದನೇ ದಿನ ನಾನು ಮೈದಾನಕ್ಕೆ ಬಂದಾಗ ತಂಡದವರು ಬಾಯಿ ಬಿಟ್ಟರು. ಟೇಪ್ ಹಿಡಿದು ಮಂಡಿ ಅಳೆಯುತ್ತಾ ಕೂತಿದ್ದಾಗ ‘ದರ್ಜಿ ಕೆಲಸಕ್ಕೆ ಸೇರಿದೆಯಾ’ ಎಂದು ನಕ್ಕವರೂ ಇವರೇ.

ಹಿಂದಿನ ಸಲ ಎಡ ಮಂಡಿ ಉಳುಕಿದಾಗ ನಾನು ಮಾಡದ ತಪ್ಪಿಲ್ಲ. ಮೊದಲ ರಾತ್ರಿಯೇ ಬಿಸಿನೀರಿನ ಶಾಖ ಕೊಟ್ಟು, ಚೆನ್ನಾಗಿ ತಿಕ್ಕಿಸಿಕೊಂಡೆ. ಬೆಳಗ್ಗೆ ನೋಡಿದರೆ ಚಿಪ್ಪೇ ಕಾಣದಷ್ಟು ಊತ. ಗಾಬರಿಯಲ್ಲಿ ಶೂಗಿಂತ ದುಬಾರಿಯಾದ ಮಂಡಿ ಬೆಲ್ಟ್ ತಂದು ಎರಡು ವಾರ ಮಲಗಿದೆ. ಊತ ಇಳಿಯಿತು, ಜೊತೆಗೆ ತೊಡೆಯೂ ಇಳಿಯಿತು! ಬೆಲ್ಟ್ ಈಗಲೂ ಕಪಾಟಿನಲ್ಲಿದೆ. ಬೇಕಾದವರು ಅರ್ಧ ದುಡ್ಡಿಗೆ ಒಯ್ಯಬಹುದು.

ಈ ಸಲ ಬಲ ಮಂಡಿ. ಇಳಿಜಾರಿನಲ್ಲಿ ತಿರುಚಿತು. ‘ಟಕ್’ ಎನ್ನಲಿಲ್ಲ, ನಾಲ್ಕು ಹೆಜ್ಜೆ ಹಾಕಲು ಆಯಿತು, 90 ಡಿಗ್ರಿ ಮಡಚಿತು, ಚಿಪ್ಪು ಒತ್ತಿದರೆ ನೋವಿಲ್ಲ. ಹಾಗಾಗಿ ಮನೆಯಲ್ಲೇ ನೋಡಿಕೊಂಡೆ. ಇದರಲ್ಲಿ ಒಂದು ಕೈಕೊಟ್ಟಿದ್ದರೂ, ಒಂದೆರಡು ಗಂಟೆಯಲ್ಲೇ ಮಂಡಿ ಚೆಂಡಿನಂತೆ ಊದಿದ್ದರೂ ಸೀದಾ ಡಾಕ್ಟರ್ ಹತ್ತಿರ ಹೋಗುತ್ತಿದ್ದೆ. ಅಲ್ಲಿ ದುಡ್ಡು ಉಳಿಸಬೇಡಿ.

ಐಸ್ ನಿಮಗೆ ಗೊತ್ತೇ ಇದೆ. ಬಟ್ಟೆ ಸುತ್ತಿ ಸುಮಾರು 15 ನಿಮಿಷ, ಎರಡು ಮೂರು ಗಂಟೆಗೊಮ್ಮೆ. ನಡುವೆ ಒದ್ದೆ ಸ್ಪಂಜನ್ನು ಫ್ರೀಜರ್‌ನಲ್ಲಿಟ್ಟು ನೋಡಿದೆ. ಕಲ್ಲಾಯಿತು, ಮಂಡಿಗೆ ಕೂರಲೇ ಇಲ್ಲ. ಪುಡಿ ಐಸಿಗೆ ಸ್ವಲ್ಪ ನೀರು ಸೇರಿಸಿದ ಕವರೇ ವಾಸಿ. ಕ್ರೇಪ್ ಬ್ಯಾಂಡೇಜ್ ಮೊದಲ ದಿನ ಬಿಗಿ ಜಾಸ್ತಿಯಾಗಿ ಕಾಲ್ಬೆರಳು ಜುಮ್ಮೆಂದವು. ಬಿಚ್ಚಿ ಮತ್ತೆ ಕಟ್ಟಿದೆ.

‘ಸುಮ್ನೆ ಮಲಗು’ ಎಂದವರಿಗೆ ನಾನು ಹೇಳಿದ್ದು ಇಷ್ಟೇ: ವಿಶ್ರಾಂತಿ, ಐಸ್, ಬಿಗಿ ಕಟ್ಟು, ಕಾಲು ಎತ್ತಿಡುವುದು ಎಂಬ ಉಪಚಾರಕ್ಕೆ 1978ರಲ್ಲಿ ‘ರೈಸ್’ (RICE) ಎಂದು ಹೆಸರಿಟ್ಟ ಅಮೆರಿಕದ ಡಾ. ಗೇಬ್ ಮಿರ್ಕಿನ್ ಅವರೇ ಆಮೇಲೆ, ಐಸ್ ಮತ್ತು ಪೂರ್ತಿ ವಿಶ್ರಾಂತಿಯಿಂದ ವಾಸಿಯಾಗುವುದು ತಡವಾಗಬಹುದು ಎಂದಿದ್ದಾರೆ. ಮೂರನೇ ದಿನದಿಂದ ಐಸ್ ಬಿಟ್ಟೆ. ಮಂಡಿಯಡಿ ಟವೆಲ್ ಸುರುಳಿ ಇಟ್ಟು, ತೊಡೆ ಬಿಗಿದು ಕೆಳಗೆ ಒತ್ತಿ, ಐದು ಎಣಿಸಿ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು.

ಟೇಪ್ ಕೆಲಸ ಶುರುವಾಗುವುದು ಇಲ್ಲಿ. ಎದ್ದ ಕೂಡಲೇ ಚಿಪ್ಪಿನ ನಡುಮಧ್ಯ ಟೇಪ್ ಸುತ್ತಿ ಊತ ಅಳೆಯುತ್ತಿದ್ದೆ. ಒಳ್ಳೆ ಮಂಡಿ 37 ಸೆಂ.ಮೀ. ಇದ್ದ ನೆನಪು, ಕೆಟ್ಟದ್ದು ಮೊದಲು 39ರ ಮೇಲೆ. ನಾಲ್ಕನೇ ದಿನ ಹುಮ್ಮಸ್ಸಿನಲ್ಲಿ ಮೆಟ್ಟಿಲು ಹತ್ತಿಳಿದೆ, ಮರುದಿನ ಅರ್ಧ ಸೆಂಟಿಮೀಟರ್ ಏರಿತ್ತು. ಅವತ್ತು ವ್ಯಾಯಾಮ ಅರ್ಧಕ್ಕೆ ಇಳಿಸಿದೆ. ಟೇಪ್ ದಿನಾ ಒಂದೇ ಜಾಗಕ್ಕೆ ಬೀಳಲು ಒಂದು ಉಪಾಯ ಮಾಡಿದ್ದೆ. ಅದನ್ನು ಮಾತ್ರ ಹೇಳಲ್ಲ, ನೀವೇ ಹುಡುಕಿ.

ಒಂಬತ್ತನೇ ದಿನ ಎರಡೂ ಮಂಡಿ ಹೆಚ್ಚುಕಮ್ಮಿ ಸಮ. ಹನ್ನೊಂದಕ್ಕೆ ನಿಧಾನ ಓಟ. ಕುಕ್ಕರಗಾಲಲ್ಲಿ ಕೂರಲು ಮಾತ್ರ ಇನ್ನೂ ಹತ್ತು ದಿನ ಹಿಡಿಯಿತು.