ಐವಿ ಇಳಿಸಿ ಮಾತ್ರೆಗೆ ತಂದದ್ದು: ನನ್ನ ಅನುಭವ

ಮಾತ್ರೆಗೆ ಬದಲಿಸಿದ ಮೇಲೆ ಜ್ವರ ಮರಳಿದರೆ ಉತ್ತರ ಕೊಡುವವರು ಯಾರು? ಆಸ್ಪತ್ರೆಯ ಔಷಧ ವಿಭಾಗದಿಂದ ನಾನು ಐವಿ (ರಕ್ತನಾಳಕ್ಕೆ ನೇರ ಇಳಿಸುವ ಔಷಧ) ನಿಲ್ಲಿಸುವ ಮಾತೆತ್ತಿದಾಗಲೆಲ್ಲ ವಾರ್ಡಿನ ಡಾಕ್ಟರರದ್ದು ಇದೇ ಪ್ರಶ್ನೆ. ಈಗ ಅದೇ ವಾರ್ಡಿನಲ್ಲಿ ರೌಂಡ್ಸ್‌ಗೆ ಮೊದಲೇ "ಇವತ್ತಿನ ಚೀಟಿ ಎಲ್ಲಿ?" ಎಂದು ಕೇಳುತ್ತಾರೆ. ಬಯೋಅವೈಲಬಿಲಿಟಿಯ (ಕೊಟ್ಟ ಔಷಧದಲ್ಲಿ ಎಷ್ಟು ರಕ್ತ ಸೇರುತ್ತದೆ ಎಂಬುದರ) ಪಾಠ ನಿಮಗೆ ಬೇಕಿಲ್ಲ. ಎಲ್ಲಿ ಸೋತೆ, ದುಡ್ಡು ಎಲ್ಲಿ ಸೋರಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ಕೇಸ್ ಶೀಟಿನಲ್ಲಿ "ಓರಲ್‌ಗೆ (ಬಾಯಿಯಿಂದ ಕೊಡುವುದಕ್ಕೆ) ಬದಲಿಸುವುದನ್ನು ಪರಿಶೀಲಿಸಿ" ಎಂದು ಬರೆದಿಡುತ್ತಿದ್ದೆ. ಯಾರೂ ಓದಲಿಲ್ಲ. ವಾರಕ್ಕೊಮ್ಮೆ ಪಟ್ಟಿ ಕಳಿಸಿದೆ. ಅದು ತಲುಪುವ ಹೊತ್ತಿಗೆ ಅರ್ಧ ರೋಗಿಗಳು ಡಿಸ್ಚಾರ್ಜ್ ಆಗಿರುತ್ತಿದ್ದರು. ಸಂಜೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರೆ "ನಾಳೆ ಸರ್ ಹತ್ತಿರ ಕೇಳಿ ಹೇಳ್ತೀನಿ" ಎನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ.

ಕೊನೆಗೆ ಕೆಲಸ ಮಾಡಿದ್ದು ಅಂಗೈಯಗಲದ ಒಂದು ಚೀಟಿ. ಐವಿ ಶುರುವಾಗಿ 48 ಗಂಟೆ ತುಂಬಿದ ರೋಗಿಗಳನ್ನು ಬೆಳಗ್ಗೆ 7ಕ್ಕೆ ಡ್ರಗ್ ಚಾರ್ಟ್ ನೋಡಿ ಆರಿಸುತ್ತೇನೆ. 24 ಗಂಟೆಯಿಂದ ಜ್ವರ 38 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು, ನಾಡಿ ಮತ್ತು ಬಿಪಿ ನೆಟ್ಟಗಿರಬೇಕು, ವಾಂತಿ ಇರಬಾರದು, ಬಾಯಿಂದಲೋ ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಿಂದಲೋ ಆಹಾರ ಹೋಗುತ್ತಿರಬೇಕು. ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು), ಎಂಡೋಕಾರ್ಡೈಟಿಸ್ (ಹೃದಯದ ಒಳಪೊರೆಯ ಸೋಂಕು), ರಕ್ತದಲ್ಲಿ ಸ್ಟೆಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ, ನ್ಯೂಟ್ರೋಪೀನಿಯಾದ (ಬಿಳಿ ರಕ್ತಕಣ ತೀರಾ ಇಳಿದಾಗಿನ) ಜ್ವರ, ಇವುಗಳ ಹತ್ತಿರಕ್ಕೂ ಹೋಗುವುದಿಲ್ಲ. ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆಯ ಅಂಕಿ) ಪೂರ್ತಿ ಇಳಿಯಲಿ ಎಂದು ಕಾಯುವುದೂ ಇಲ್ಲ.

ಚೀಟಿಯಲ್ಲಿ "ಪರಿಶೀಲಿಸಿ" ಎಂಬ ಪದವೇ ಇಲ್ಲ. ಔಷಧ, ಓರಲ್ ಡೋಸ್, ಮುಂದಿನ ಡೋಸ್ ಎಷ್ಟು ಗಂಟೆಗೆ, ಅದರ ಕೆಳಗೆ ಹೌದು ಮತ್ತು ಇಲ್ಲ ಎಂಬ ಎರಡು ಚೌಕ. "ಇಲ್ಲ"ದ ಪಕ್ಕ ಕಾರಣಕ್ಕೆ ಒಂದು ಗೆರೆ. ಆ ಗೆರೆಯ ಮೇಲೆ ಇನ್ನೊಂದು ಸಾಲಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಕಾರಣ ಬರೆಯುವುದಕ್ಕಿಂತ ಹೌದು ಎನ್ನುವುದೇ ಸುಲಭ ಅನ್ನಿಸುವಂತೆ ಅದನ್ನು ಕೂರಿಸಿದ್ದೇನೆ.

ಶುರುವಿಗೆ ಸೋಂಕಿಗೆ ಕೊಡುವ ನಾಲ್ಕೇ ಔಷಧ. ಲೆವೋಫ್ಲಾಕ್ಸಾಸಿನ್, ಲಿನೆಜೋಲಿಡ್, ಫ್ಲುಕೊನಜೋಲ್ ಮೂರಕ್ಕೂ ಐವಿಯಲ್ಲಿ ಎಷ್ಟೋ ಬಾಯಿಗೂ ಅಷ್ಟೇ. ಮೆಟ್ರೊನಿಡಜೋಲ್ 500 ಮಿ.ಗ್ರಾಂ ಐವಿಗೆ 400 ಅಥವಾ 500ರ ಮಾತ್ರೆ, 8 ಗಂಟೆಗೊಮ್ಮೆ. ಸಿಪ್ರೊಫ್ಲಾಕ್ಸಾಸಿನ್ ಆಮೇಲೆ ಸೇರಿತು. ಅಲ್ಲಿ ಲೆಕ್ಕ ಬೇರೆ: 400 ಐವಿಗೆ 500 ಓರಲ್. ಸೆಫ್ಟ್ರಿಯಾಕ್ಸೋನ್ ಯಾಕಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಮಾತ್ರೆಯೇ ಇಲ್ಲ. ಸೆಫಿಕ್ಸಿಮ್ ಕೊಟ್ಟರೆ ಅದು ಬೇರೆ ಔಷಧ, ಕರುಳಿನಿಂದ ಒಳಗೆ ಹೋಗುವುದೇ ಅರ್ಧದಷ್ಟು. ಅದು ಡಾಕ್ಟರ ತೀರ್ಮಾನ, ನನ್ನ ಚೀಟಿಯ ಕೆಲಸವಲ್ಲ. ವ್ಯಾಂಕೊಮೈಸಿನ್ ಕ್ಯಾಪ್ಸೂಲ್ ಇದೆಯಲ್ಲ ಎನ್ನುವವರೂ ಇದ್ದಾರೆ. ಅದು ಕರುಳಿನಲ್ಲೇ ಉಳಿಯುತ್ತದೆ, ರಕ್ತದ ಸೋಂಕಿಗೆ ಶೂನ್ಯ.

ವಾದದಲ್ಲಿ ಗೆದ್ದದ್ದು ಔಷಧಶಾಸ್ತ್ರದಿಂದಲ್ಲ, ನೀರಿನ ಲೆಕ್ಕದಿಂದ. ಲಿನೆಜೋಲಿಡ್ 600ರ ಬ್ಯಾಗ್ 300 ಮಿ.ಲೀ., ದಿನಕ್ಕೆ ಎರಡು. ಮೆಟ್ರೊನಿಡಜೋಲ್ ಬಾಟಲಿ 100 ಮಿ.ಲೀ., ದಿನಕ್ಕೆ ಮೂರು, ಒಂದೊಂದರಲ್ಲೂ ಸುಮಾರು 14 ಮಿಲಿಮೋಲ್ ಸೋಡಿಯಂ. ನೀರು, ಉಪ್ಪು ಮಿತವಾಗಿರಬೇಕಾದ ಹೃದಯ ಸೋತ ರೋಗಿಯ ಚಾರ್ಟಿನ ಮೇಲೆ ಇದನ್ನು ಕೂಡಿ ಬರೆದಿಟ್ಟರೆ ಕಾರ್ಡಿಯಾಲಜಿಯವರು ತಾವೇ ಪೆನ್ನು ತೆಗೆಯುತ್ತಾರೆ.

ಇನ್ನು ದುಡ್ಡು. ಮೊದಲ ತಿಂಗಳ ಉಳಿತಾಯ ಕಾಗದದಲ್ಲಿ ಭರ್ಜರಿಯಾಗಿತ್ತು, ಸ್ಟೋರಿನಲ್ಲಿ ಏನೂ ಕಾಣಲಿಲ್ಲ. ಮೂರು ದಿನದ ಐವಿ ಇಂಡೆಂಟ್ (ವಾರ್ಡಿನ ಬೇಡಿಕೆ ಚೀಟಿ) ಒಂದೇ ಸಲ ಹೋಗುತ್ತಿತ್ತು. ಅದು ಮುಗಿಯುವ ಮೊದಲೇ ಮಾತ್ರೆಗೆ ಬದಲಿಸಿದರೆ ಉಳಿದ ಬಾಟಲಿಗಳು ವಾರ್ಡಿನ ಕಪಾಟು ಸೇರುತ್ತಿದ್ದವು, ಹಿಂದೆ ಬರುತ್ತಿರಲಿಲ್ಲ, ಎಕ್ಸ್‌ಪೈರಿ ಆದಾಗಷ್ಟೇ ಹೊರಬೀಳುತ್ತಿದ್ದವು. ಐವಿಯನ್ನು 24 ಗಂಟೆಗೆ ಸಾಲುವಷ್ಟು ಮಾತ್ರ ಕೊಡುವ ನಿಯಮ ಬಂದ ಮೇಲೆಯೇ ಲೆಕ್ಕ ಕೂಡಿದ್ದು. ಬಾಟಲಿಯ ಬೆಲೆಯೊಂದನ್ನೇ ಹಿಡಿಯಬೇಡಿ. ಐವಿ ಸೆಟ್, ಕ್ಯಾನುಲಾ, ಫ್ಲಶ್, ಸಿಸ್ಟರ್‌ಗಳ ಸಮಯ, ಎಲ್ಲವನ್ನೂ ಸೇರಿಸಿ. 750ರ ಲೆವೋಫ್ಲಾಕ್ಸಾಸಿನ್ ಒಂದೂವರೆ ಗಂಟೆ ಇಳಿಯಬೇಕು, ಮಾತ್ರೆಗೆ ಒಂದು ಲೋಟ ನೀರು ಸಾಕು.

ಎಡವಿದ್ದು ಇನ್ನೂ ಇವೆ. ಮಧ್ಯಾಹ್ನ ಹೌದು ಎಂದರು, ಮಾತ್ರೆ ವಾರ್ಡಿಗೆ ಬಂದದ್ದು ರಾತ್ರಿ, ಒಂದು ಡೋಸ್ ತಪ್ಪಿತು. ಈಗ ಚೀಟಿಯ ಜೊತೆಗೇ ಮೊದಲ ಸ್ಟ್ರಿಪ್ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಓರಲ್ ಬರೆದವರು ಐವಿ ಸಾಲನ್ನು ಹೊಡೆದುಹಾಕದೆ ಎರಡೂ ಹೋದದ್ದು. ಆದ್ದರಿಂದ ಮರುದಿನ ಬೆಳಗ್ಗೆ ಹೊಸ ಚೀಟಿಗಿಂತ ಮೊದಲು ನಿನ್ನೆ ಬದಲಿಸಿದವರ ಚಾರ್ಟನ್ನೇ ತೆರೆಯುತ್ತೇನೆ.

ಕ್ವಿನೊಲೋನ್‌ಗಳಲ್ಲಿ (ಲೆವೋಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಇರುವ ಗುಂಪು) ಜ್ವರ ಮರಳಿದ ಬೆರಳೆಣಿಕೆಯ ಕೇಸುಗಳನ್ನು ಬಿಡಿಸಿ ನೋಡಿದಾಗ ಹೆಚ್ಚಿನವುಗಳಲ್ಲಿ ಅದೇ ಹೊತ್ತಿಗೆ ಔಷಧ ರಕ್ತ ಸೇರದಂತೆ ತಡೆಯುವ ಕ್ಯಾಲ್ಸಿಯಂ, ಕಬ್ಬಿಣ ಅಥವಾ ಆಂಟಾಸಿಡ್ ಹೋಗಿತ್ತು. ಲೆವೋಫ್ಲಾಕ್ಸಾಸಿನ್‌ಗೆ ಅವುಗಳಿಂದ ಎರಡು ಗಂಟೆ ಅಂತರ ಸಾಕು. ಸಿಪ್ರೊ ಆದರೆ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ಆದ ಮೇಲೆ. ಟ್ಯೂಬ್ ಫೀಡ್ ಇದ್ದರೆ ಒಂದು ಗಂಟೆ ಮೊದಲೇ ನಿಲ್ಲಿಸಿ, ಕೊಟ್ಟ ಎರಡು ಗಂಟೆ ಬಳಿಕ ಮತ್ತೆ ಶುರು. ಸಿಪ್ರೊ ಸಸ್ಪೆನ್ಷನ್ (ದ್ರವರೂಪದ್ದು) ಅನ್ನು ಟ್ಯೂಬಿಗೆ ಹಾಕಲೇಬೇಡಿ, ಅದು ಎಣ್ಣೆಯಲ್ಲಿ ಕಲಸಿದ್ದು, ಅಂಟಿಕೊಂಡು ಟ್ಯೂಬ್ ಕಟ್ಟುತ್ತದೆ. ಟ್ಯೂಬಿನ ತುದಿ ಜೆಜುನಮ್‌ನಲ್ಲಿದ್ದರೆ (ಸಣ್ಣ ಕರುಳಿನ ನಡುಭಾಗ) ಸಿಪ್ರೊ ಆಸೆಯನ್ನೇ ಬಿಡಿ.

ನಡುವೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ಗೂ ಕೈ ಹಾಕಿದೆ. 40ಕ್ಕೆ 40, ಅದಕ್ಕಿಂತ ಸುಲಭ ಯಾವುದಿದೆ ಎಂದುಕೊಂಡಿದ್ದೆ. ಟ್ಯೂಬ್ ಇರುವವರಿಗೆ ಮಾತ್ರೆ ಪುಡಿ ಮಾಡಿ ಕೊಟ್ಟುಬಿಟ್ಟರು. ಮೇಲಿನ ಕೋಟಿಂಗ್ ಒಡೆದರೆ ಹೊಟ್ಟೆಯ ಆಮ್ಲವೇ ಅದನ್ನು ಕೆಡಿಸುತ್ತದೆ. ಆ ಚೀಟಿಯ ಮೇಲೀಗ "ಪುಡಿ ಮಾಡಬೇಡಿ" ಎಂಬ ಮುದ್ರೆಯಿದೆ.

ನೆನಪಿನಿಂದ ಹೇಳುವುದಾದರೆ ಶುರುವಿನಲ್ಲಿ ಹತ್ತು ಚೀಟಿಗೆ ಎರಡೋ ಮೂರೋ ಹೌದು, ಈಗ ಏಳೆಂಟು. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಇಳಿಸುವ ಫ್ಯೂರೋಸೆಮೈಡ್‌ಗೂ ಇದೇ ಚೀಟಿ ಹಚ್ಚಿ ನೋಡುತ್ತಿದ್ದೇನೆ. 40 ಐವಿಗೆ 80 ಓರಲ್ ಎಂಬುದು ಸರಾಸರಿ ಮಾತು, ಒಬ್ಬರಿಂದೊಬ್ಬರಿಗೆ ಹೀರುವಿಕೆ ತೀರಾ ಬೇರೆ. ದಿನದ ತೂಕ ಬರೆದಿಡದ ಹಾಸಿಗೆಗೆ ಆ ಚೀಟಿಯನ್ನು ಇಡುವುದೇ ಇಲ್ಲ.