ವರ್ಷಾಂತ್ಯದ ರಜೆಯಲ್ಲೂ ಒಳ್ಳೆಯ ಕೆಲಸಗಾರರನ್ನು ಹುಡುಕುವುದು ಹೇಗೆ?

ಡಿಸೆಂಬರ್ ಹತ್ತಿರ ಬಂದರೆ ಸಾಕು, ಎಷ್ಟೋ ಕಂಪನಿಗಳಲ್ಲಿ ನೇಮಕಾತಿ ತಾನಾಗಿಯೇ ನಿಂತುಹೋಗುತ್ತದೆ. ‘ಈಗ ಯಾರು ಸಿಗ್ತಾರೆ, ಎಲ್ರೂ ರಜೆಯಲ್ಲಿರ್ತಾರೆ, ಹೊಸ ವರ್ಷ ಆಗ್ಲಿ’ ಎನ್ನುವುದು ಸಾಮಾನ್ಯವಾಗಿ ಕೇಳುವ ಮಾತು. ಅದು ಅರ್ಧ ಮಾತ್ರ ನಿಜ. ರಜೆಯಲ್ಲಿರುವವರಿಗೆ ಆಫೀಸಿನ ಗಡಿಬಿಡಿ ಇರುವುದಿಲ್ಲ. ವರ್ಷವಿಡೀ ಸಿಗದ ಪುರುಸೊತ್ತು ಆಗ ಸಿಗುತ್ತದೆ. ‘ಇನ್ನೊಂದು ವರ್ಷ ಇದೇ ಕೆಲಸ ಮಾಡಬೇಕಾ?’ ಎಂದು ಜನ ಯೋಚಿಸುವುದು ಇಂಥ ದಿನಗಳಲ್ಲೇ ಅಲ್ವಾ? ಅದೇ ಹೊತ್ತಿಗೆ ಬೇರೆ ಕಂಪನಿಗಳ ಜಾಹೀರಾತು ಕಡಿಮೆಯಾಗಿರುತ್ತದೆ. ಜನವರಿಯಲ್ಲಿ ಎಲ್ಲರೂ ಒಟ್ಟಿಗೆ ಹುಡುಕಲು ಇಳಿಯುತ್ತಾರೆ, ಆಗ ಪೈಪೋಟಿ ಜಾಸ್ತಿ.

ಕಷ್ಟ ಇರುವುದು ಕಂಪನಿಯ ಕಡೆಯಲ್ಲಿ. ಸಂದರ್ಶನ ಮಾಡುವವರು ಊರಲ್ಲಿರುವುದಿಲ್ಲ, ಸಹಿ ಹಾಕುವವರು ಫೋನ್ ಎತ್ತುವುದಿಲ್ಲ, ಅಭ್ಯರ್ಥಿ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತಾರೆ. ಹಾಗಾಗಿ ಈ ಕಾಲದ ನೇಮಕಾತಿಯಲ್ಲಿ ಮುಕ್ಕಾಲು ಪಾಲು ಕೆಲಸ ರಜೆ ಶುರುವಾಗುವ ಮೊದಲೇ ಮುಗಿಯಬೇಕು.

ಮೊದಲು ಲೆಕ್ಕ ಹಾಕಿ

ಹೊಸಬರು ಯಾವ ದಿನ ಬಂದು ಕುರ್ಚಿಯಲ್ಲಿ ಕೂರಬೇಕು? ಅಲ್ಲಿಂದ ಹಿಂದಕ್ಕೆ ಎಣಿಸಿ. ಅಭ್ಯರ್ಥಿಗೆ ಈಗಿರುವ ಕಂಪನಿಯಲ್ಲಿ 60 ದಿನಗಳ ನೋಟಿಸ್ ಪೀರಿಯಡ್ ಇದೆ ಎಂದುಕೊಳ್ಳಿ. ಡಿಸೆಂಬರ್ 12ಕ್ಕೆ ಆಫರ್ ಕೊಟ್ಟು ಅವರು ಅಂದೇ ರಾಜೀನಾಮೆ ಕೊಟ್ಟರೆ ಫೆಬ್ರುವರಿ 10ರ ಹೊತ್ತಿಗೆ ಬಿಡುಗಡೆಯಾಗುತ್ತಾರೆ. ಅದೇ ಹುಡುಕಾಟವನ್ನು ಜನವರಿ 5ಕ್ಕೆ ಶುರು ಮಾಡಿ, ಐದು ವಾರದಲ್ಲಿ ಮುಗಿಸಿ ಆಫರ್ ಕೊಟ್ಟರೂ ಅವರು ಬರುವುದು ಏಪ್ರಿಲ್ 10ರ ಸುಮಾರಿಗೆ. ಎರಡು ತಿಂಗಳ ವ್ಯತ್ಯಾಸ. ಅಷ್ಟು ದಿನ ಆ ಕೆಲಸದ ಹೊರೆ ಈಗಾಗಲೇ ದಣಿದಿರುವ ತಂಡದ ಮೇಲೆಯೇ ಬೀಳುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮೇಲಿನವರ ಮುಂದಿಡಿ. ‘ಆಮೇಲೆ ನೋಡೋಣ’ ಎನ್ನುವವರು ಬೇಗ ಒಪ್ಪುತ್ತಾರೆ.

ಬಜೆಟ್ ವಿಷಯವನ್ನೂ ಆಗಲೇ ಕೇಳಿಬಿಡಿ. ಕೆಲವು ಕಡೆ ಈ ವರ್ಷ ತುಂಬದ ಹುದ್ದೆ ಮುಂದಿನ ವರ್ಷಕ್ಕೆ ಹೋಗುವುದಿಲ್ಲ, ರದ್ದಾಗುತ್ತದೆ.

ಯಾರು ಯಾವಾಗ ಇರುತ್ತಾರೆ?

ಸಂದರ್ಶನ ಮಾಡುವವರು, ಸಂಬಳಕ್ಕೆ ಒಪ್ಪಿಗೆ ಕೊಡುವವರು, ಆಫರ್ ಲೆಟರಿಗೆ ಸಹಿ ಹಾಕುವವರು, ಈ ಮೂರೂ ಕಡೆಯವರ ರಜೆಯ ದಿನಗಳನ್ನು ಒಂದೇ ಕಡೆ ಬರೆದುಕೊಳ್ಳಿ. ಪ್ರತಿಯೊಬ್ಬರಿಗೂ ಒಬ್ಬ ಬದಲಿ ವ್ಯಕ್ತಿಯ ಹೆಸರು ಬೇಕು. ಸುಮ್ನೆ ಹೆಸರು ಬರೆದರೆ ಸಾಲದು. ‘ನಾನಿಲ್ಲದಾಗ ಇಷ್ಟು ಸಂಬಳದವರೆಗೆ ಇವರೇ ತೀರ್ಮಾನ ಮಾಡಬಹುದು’ ಎಂದು ರಜೆಗೆ ಹೋಗುವವರು ಇಮೇಲ್‌ನಲ್ಲಿ ಬರೆದುಕೊಟ್ಟಿರಬೇಕು. ಇಲ್ಲದಿದ್ದರೆ ಎಲ್ಲ ಹಂತ ದಾಟಿದ ಅಭ್ಯರ್ಥಿಯ ಕಡತ ಕೊನೆಯ ಮೇಜಿನ ಮೇಲೆ ಎರಡು ವಾರ ಕೂರುತ್ತದೆ. ಆ ಎರಡು ವಾರದಲ್ಲಿ ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ.

ಸಂದರ್ಶನದ ಸುತ್ತುಗಳನ್ನೂ ಕಡಿಮೆ ಮಾಡಿ. ಐದು ಸುತ್ತು ಇದ್ದರೆ ಎರಡಕ್ಕೆ ಇಳಿಸಲು ಆಗುತ್ತದೆಯೇ ನೋಡಿ. ಎರಡನ್ನೂ ಒಂದೇ ದಿನ ಇಟ್ಟರೆ ಇನ್ನೂ ಒಳ್ಳೆಯದು.

ಜಾಹೀರಾತು ಮತ್ತು ಪರಿಚಯ

ಜಾಹೀರಾತಿನಲ್ಲಿ ದಿನಾಂಕಗಳನ್ನು ಬಿಡಿಸಿ ಹೇಳಿ. ಅರ್ಜಿಗೆ ಕೊನೆಯ ದಿನ ಯಾವುದು, ಆಫೀಸು ಯಾವಾಗ ಮುಚ್ಚಿರುತ್ತದೆ, ಉತ್ತರ ಯಾವಾಗ ಬರುತ್ತದೆ. ಇಷ್ಟು ಗೊತ್ತಿದ್ದರೆ ಅಭ್ಯರ್ಥಿ ನೆಮ್ಮದಿಯಿಂದ ಇರುತ್ತಾರೆ. ರಜೆಯಲ್ಲಿ ಜನ ಫೋನಿನಲ್ಲೇ ಎಲ್ಲ ನೋಡುತ್ತಾರೆ, ಹಾಗಾಗಿ ಅರ್ಜಿ ಫೋನಿನಲ್ಲೇ ತುಂಬುವಂತಿರಲಿ. ರೆಸ್ಯೂಮೆ ಹಾಕಿದ ಮೇಲೂ ಅದರಲ್ಲಿರುವುದನ್ನೇ ಮತ್ತೆ ಟೈಪ್ ಮಾಡಿಸುವ ಫಾರಂ ಇದ್ದರೆ ಅರ್ಧಕ್ಕೆ ಕೈಬಿಡುವವರೇ ಜಾಸ್ತಿ.

ಈ ದಿನಗಳಲ್ಲಿ ಜನ ಹಳೆಯ ಗೆಳೆಯರನ್ನು, ನೆಂಟರನ್ನು ಭೇಟಿಯಾಗುತ್ತಾರೆ. ಕೆಲಸದ ಮಾತು ಬಂದೇ ಬರುತ್ತದೆ. ನಿಮ್ಮ ಸಿಬ್ಬಂದಿ ರಜೆಗೆ ಹೊರಡುವ ಮೊದಲು, ಖಾಲಿ ಇರುವ ಹುದ್ದೆಗಳನ್ನು ನಾಲ್ಕು ಸಾಲಿನಲ್ಲಿ ಬರೆದು ಅವರ ಫೋನಿಗೆ ಕಳಿಸಿ. ಕೇಳಿದವರಿಗೆ ಅವರು ಅದನ್ನೇ ಕಳಿಸಬಹುದು. ಸೀಸನ್ನಿನ ರಷ್‌ಗೆಂದು ತಾತ್ಕಾಲಿಕವಾಗಿ ತೆಗೆದುಕೊಂಡವರ ಮೇಲೂ ಕಣ್ಣಿರಲಿ. ಗಿರಾಕಿಗಳ ಒತ್ತಡದ ನಡುವೆ ತಾಳ್ಮೆಯಿಂದ ಕೆಲಸ ಮಾಡಿದವರನ್ನು ನೀವು ಕಣ್ಣಾರೆ ನೋಡಿರುತ್ತೀರಿ. ಯಾವ ಸಂದರ್ಶನವೂ ಅಷ್ಟು ತಿಳಿಸುವುದಿಲ್ಲ.

ಒಂದು ಎಚ್ಚರಿಕೆ. ಕಂಪನಿಗಳ ಹೆಸರು ಹೇಳಿಕೊಂಡು ಕೆಲಸ ಕೊಡಿಸುವುದಾಗಿ ಹಣ ಕೀಳುವ ಮೋಸಗಾರರು ಇದ್ದಾರೆ. ‘ನಾವು ಯಾವ ಹಂತದಲ್ಲೂ ಹಣ ಕೇಳುವುದಿಲ್ಲ, ಈ ವಿಳಾಸದಿಂದ ಬಂದ ಇಮೇಲ್ ಮಾತ್ರ ನಮ್ಮದು’ ಎಂಬ ಸಾಲು ಜಾಹೀರಾತಿನಲ್ಲೇ ಇರಲಿ.

ಸಂದರ್ಶನ: ಎಲ್ಲರಿಗೂ ಅವೇ ಪ್ರಶ್ನೆಗಳಿರಲಿ

ಇಲ್ಲಿ ಸ್ವಲ್ಪ ನಿಧಾನಿಸಿ. ರಜೆಯ ದಿನಗಳಲ್ಲಿ ಒಬ್ಬ ಅಭ್ಯರ್ಥಿಯನ್ನು ಒಬ್ಬರು, ಇನ್ನೊಬ್ಬರನ್ನು ಮತ್ತೊಬ್ಬರು ಮಾತಾಡಿಸುವ ಪರಿಸ್ಥಿತಿ ಬರುತ್ತದೆ. ಆಮೇಲೆ ಹೋಲಿಸಿ ನೋಡುವುದು ಹೇಗೆ? ಅದಕ್ಕೇ ಪ್ರಶ್ನೆಗಳನ್ನು ಮೊದಲೇ ಬರೆದಿಡಬೇಕು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಒಳ್ಳೆಯ ಉತ್ತರ ಎಂದರೆ ಏನು, ಸಾಧಾರಣ ಉತ್ತರ ಎಂದರೆ ಏನು ಎಂಬುದನ್ನೂ ಬರೆದಿಟ್ಟು ಅಂಕ ಕೊಡಿ. ಒಬ್ಬರ ಅಂಕ ಇನ್ನೊಬ್ಬರಿಗೆ ಗೊತ್ತಾಗುವುದು ಎಲ್ಲರೂ ಬರೆದು ಮುಗಿಸಿದ ಮೇಲೆಯೇ.

ಇದು ಬರೀ ಶಿಸ್ತಿನ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ, 85 ವರ್ಷಗಳ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು, ಆಯ್ಕೆಯ ಯಾವ ವಿಧಾನ ಮುಂದಿನ ಕೆಲಸದ ಗುಣಮಟ್ಟವನ್ನು ಚೆನ್ನಾಗಿ ಊಹಿಸುತ್ತದೆ ಎಂದು ನೋಡಿದರು. ಪ್ರಶ್ನೆ ಸಿದ್ಧಮಾಡಿಕೊಂಡು ಮಾಡಿದ ಸಂದರ್ಶನಕ್ಕೆ 0.51 ಬಂತು, ಬಾಯಿಗೆ ಬಂದ ಪ್ರಶ್ನೆ ಕೇಳುವ ಸಂದರ್ಶನಕ್ಕೆ 0.38. (ಸಂಖ್ಯೆ 1ಕ್ಕೆ ಹತ್ತಿರವಾದಷ್ಟೂ ಊಹೆ ಗಟ್ಟಿ.) 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕದ ವಿಧಾನವನ್ನು ತಿದ್ದಿ ನೋಡಿದಾಗ ಎರಡೂ ಅಂಕಿ ಇಳಿದವು, 0.42 ಮತ್ತು 0.19. ಅಂತರ ಮಾತ್ರ ಇನ್ನೂ ಹೆಚ್ಚಾಯಿತು. ಸಿದ್ಧ ಪ್ರಶ್ನೆಗಳ ಸಂದರ್ಶನವೇ ಪಟ್ಟಿಯ ಮೇಲ್ತುದಿಯಲ್ಲಿ ನಿಂತಿತು.

ಕೆಲಸದ ಸಣ್ಣ ತುಣುಕೊಂದನ್ನು ಮಾಡಿಸಿ ನೋಡುವುದೂ ಒಳ್ಳೆಯ ವಿಧಾನವೇ. ಆದರೆ ರಜೆಯಲ್ಲಿರುವವರಿಗೆ ಎರಡು ದಿನ ಹಿಡಿಯುವ ಕೆಲಸ ಕೊಡಬೇಡಿ. ಒಂದು ಗಂಟೆಯೊಳಗೆ ಮುಗಿಯುವಂಥದ್ದು ಸಾಕು. ಅದಕ್ಕಿಂತ ದೊಡ್ಡದಾದರೆ ಹಣ ಕೊಡಿ.

ಸಂದರ್ಶನ ವಿಡಿಯೋದಲ್ಲಿ ನಡೆದರೆ, ಹಿಂದೆ ಮಕ್ಕಳ ಗಲಾಟೆ ಕೇಳಿಸಬಹುದು, ನೆಟ್‌ವರ್ಕ್ ಕೈಕೊಡಬಹುದು. ಅದಕ್ಕೆಲ್ಲ ಅಂಕ ಕಳೆಯಬಾರದು. ಇನ್ನೊಂದು ಮುಖ್ಯ ವಿಷಯ: ಕಾಲ ಎಂಥದ್ದೆಂದರೆ ‘ಹಬ್ಬ ಜೋರಾ? ಮಕ್ಕಳೆಷ್ಟು?’ ಎಂದು ಆತ್ಮೀಯವಾಗಿ ಕೇಳಬೇಕೆನಿಸುತ್ತದೆ. ಕೇಳಬೇಡಿ. ಧರ್ಮ, ಮದುವೆ, ಸಂಸಾರದ ವಿವರ ಆ ಮಾತಿನಲ್ಲೇ ಹೊರಬರುತ್ತದೆ. ಕೆಲಸ ಸಿಗದೇ ಹೋದರೆ ಅದೇ ಕಾರಣವಿರಬಹುದೆಂದು ಅಭ್ಯರ್ಥಿಗೆ ಅನಿಸುವುದು ಸಹಜ. ‘ರಜೆ ಚೆನ್ನಾಗಿ ಕಳೀತಿದ್ದೀರಾ?’ ಎಂದರೆ ಸಾಕು.

ಕಾಯಿಸಬೇಡಿ

‘ತಿಳಿಸ್ತೀವಿ’ ಎಂಬ ಒಂದೇ ಮಾತು ಹೇಳಿ ಹದಿನೈದು ದಿನ ಸುಮ್ಮನಿರುವುದು ಯಾವ ಕಾಲದಲ್ಲೂ ತಪ್ಪು. ರಜೆಯಲ್ಲಂತೂ ಅದು ಕ್ರೂರವಾಗಿಬಿಡುತ್ತದೆ. ಮನೆಯವರೆಲ್ಲ ಸಂತೋಷವಾಗಿರುವಾಗ ಒಬ್ಬರು ಮಾತ್ರ ಗಂಟೆಗೊಮ್ಮೆ ಇಮೇಲ್ ತೆರೆದು ನೋಡುತ್ತಿರುತ್ತಾರೆ. ಪ್ರತಿ ಹಂತ ಮುಗಿದಾಗಲೂ ಒಂದು ದಿನಾಂಕ ಕೊಡಿ: ‘ಜನವರಿ 4ರವರೆಗೆ ನಮ್ಮ ಕಡೆಯಿಂದ ಏನೂ ಬರುವುದಿಲ್ಲ, ಆರಾಮವಾಗಿರಿ, 5ಕ್ಕೆ ಫೋನ್ ಮಾಡುತ್ತೇವೆ.’ ಆ ದಿನ ತೀರ್ಮಾನ ಆಗಿರದಿದ್ದರೂ ಫೋನ್ ಮಾಡಲೇಬೇಕು. ಆಯ್ಕೆಯಾಗದವರಿಗೂ ರಜೆಗೆ ಮೊದಲೇ ತಿಳಿಸಿ.

ಆಫರ್ ಮತ್ತು ಬೋನಸ್

ವರ್ಷಾಂತ್ಯದಲ್ಲಿ ಆಫರ್ ಒಪ್ಪಲು ಜನ ಹಿಂದೆಮುಂದೆ ನೋಡುವುದಕ್ಕೆ ಮುಖ್ಯ ಕಾರಣ ಬೋನಸ್. ಇನ್ನೆರಡು ತಿಂಗಳು ಇದ್ದರೆ ಕೈಗೆ ಸಿಗುವ ಹಣವನ್ನು ಯಾರು ಬಿಡುತ್ತಾರೆ? ಅದನ್ನು ನೇರವಾಗಿ ಕೇಳಿ. ಬೋನಸ್ ಸಿಕ್ಕಿದ ಮೇಲೆ ಸೇರುವಂತೆ ದಿನಾಂಕ ಕೊಡಬಹುದು, ಅಥವಾ ಕಳೆದುಕೊಳ್ಳುವ ಹಣದಲ್ಲಿ ಒಂದು ಪಾಲನ್ನು ನೀವು ತುಂಬಿಕೊಡಬಹುದು. ಮೊದಲೇ ನಿಗದಿ ಮಾಡಿಕೊಂಡ ರಜೆ, ಪ್ರವಾಸಗಳನ್ನೂ ಕೇಳಿ ಬರೆದುಕೊಳ್ಳಿ. ಹಳೆಯ ಕಂಪನಿ, ಕಾಲೇಜುಗಳಿಂದ ದಾಖಲೆ ಪರಿಶೀಲನೆ ಈ ದಿನಗಳಲ್ಲಿ ತಡವಾಗುತ್ತದೆ. ಅಭ್ಯರ್ಥಿಯ ಒಪ್ಪಿಗೆ ಪಡೆದು ಬೇಗ ಶುರುಮಾಡಿ.

ಆಫರ್ ಒಪ್ಪಿದ ಮೇಲೆ ಹೊಸಬರು ಕೆಲಸಕ್ಕೆ ಸೇರುವವರೆಗಿನ ಸಮಯ ದೊಡ್ಡದು. ಹಳೆಯ ಕಂಪನಿ ಸಂಬಳ ಹೆಚ್ಚಿಸಿ ಉಳಿಸಿಕೊಳ್ಳಲು ನೋಡುವುದು ಆಗಲೇ. ಎಚ್‌ಆರ್ ಕಳಿಸುವ ಫಾರಂಗಳ ಜೊತೆಗೆ, ಮುಂದಿನ ಮ್ಯಾನೇಜರ್ ಎರಡು ವಾರಕ್ಕೊಮ್ಮೆ ಐದು ನಿಮಿಷ ಮಾತಾಡಿದರೆ ಬಹಳ ಉಪಯೋಗ.

ಬೇಗ ಸೇರಬಲ್ಲವರಾದರೂ ಸೇರುವ ದಿನವನ್ನು ಕಣ್ಣುಮುಚ್ಚಿ ಜನವರಿ 1ಕ್ಕೆ ಇಡಬೇಡಿ. ಅರ್ಧ ಆಫೀಸು ಖಾಲಿ ಇರುವಾಗ ಬಂದವರಿಗೆ ಲ್ಯಾಪ್‌ಟಾಪ್ ಕೊಡುವವರು ಇರುವುದಿಲ್ಲ, ಪಾಸ್‌ವರ್ಡ್ ಕೊಡುವವರೂ ಇರುವುದಿಲ್ಲ. ಮ್ಯಾನೇಜರ್ 6ಕ್ಕೆ ವಾಪಸ್ ಬರುವುದಾದರೆ ಹೊಸಬರನ್ನು 8ಕ್ಕೆ ಕರೆಯಿರಿ. ನಡುವಿನ ಒಂದು ದಿನ ಮ್ಯಾನೇಜರ್ ತಮ್ಮ ಇಮೇಲ್ ರಾಶಿ ಮುಗಿಸಿಕೊಂಡು, ಹೊಸಬರ ಮೊದಲ ವಾರದ ಕೆಲಸ ಏನೆಂದು ಬರೆದಿಡಲಿ.