ಒಂದೇ ಬ್ಯಾಟರಿಯಲ್ಲಿ ಇಡೀ ಅಮಾವಾಸ್ಯೆ ರಾತ್ರಿ: ನನ್ನ ಅನುಭವ

ಈ ಜನವರಿ ಅಮಾವಾಸ್ಯೆಗೆ ಚಳ್ಳಕೆರೆ ಕಡೆ ಗೆಳೆಯರ ಹೊಲದಲ್ಲಿ ಆಕಾಶದ ಫೋಟೊ ತೆಗೆಯಲು ಟೆಲಿಸ್ಕೋಪ್ ಹೂಡಿದ್ದೆ. ಸಂಜೆ ಏಳರಿಂದ ಕುದುರೆತಲೆ ನೀಹಾರಿಕೆ. ಅದು ಪಡುವಣಕ್ಕೆ ವಾಲಿದ ಮೇಲೆ ಸಿಂಹ ರಾಶಿಯ ಗೆಲಾಕ್ಸಿಗಳು, ಬೆಳಗಿನ ಜಾವ ನಾಲ್ಕೂವರೆವರೆಗೆ. ನಕ್ಷತ್ರಗಳ ಜೊತೆ ಟೆಲಿಸ್ಕೋಪನ್ನು ತಿರುಗಿಸುವ ಮೌಂಟ್ ಒಂದು ಸಲವೂ ರೀಸೆಟ್ ಆಗಲಿಲ್ಲ, ಯುಎಸ್‌ಬಿ ಒಂದು ಸಲವೂ ಕಡಿಯಲಿಲ್ಲ. ‘ಜನರೇಟರ್ ಇಲ್ದೆ ಆಗಲ್ಲ ಸಾರ್’ ಅಂದಿದ್ದವರೇ ಬೆಳಿಗ್ಗೆ ಎಲ್ಲದಕ್ಕೂ ಕರೆಂಟ್ ಹಂಚುವ ನನ್ನ ಡಬ್ಬಿಯ ಫೋಟೊ ತೆಗೆದುಕೊಂಡು ಹೋದರು. ಖುಷಿಯಾಯಿತು.

ಇಲ್ಲಿಗೆ ಬರಲು ಮೂರು ವರ್ಷ ಹಿಡಿಯಿತು. ಮೊದಲು ಕಾರಿನ ಬ್ಯಾಟರಿ. ರಾತ್ರಿಯಿಡೀ ಹಿಂಡಿ ಹಿಂಡಿ ಎಂಟು ತಿಂಗಳಲ್ಲಿ ಸತ್ತಿತು, ನಾಲ್ಕೂವರೆ ಸಾವಿರ ಹೋಯಿತು. ಆಮೇಲೆ ವೈರಿನ ಕಾಟ. 0.75 ಚದರ ಮಿಮೀ ವೈರು, ಐದು ಮೀಟರ್ ಉದ್ದ, ತುದಿಗೆ ಸಿಗರೇಟ್ ಲೈಟರ್ ಪ್ಲಗ್. ಕ್ಯಾಮೆರಾ ತಣ್ಣಗಿಡುವ ಕೂಲರ್ ಓಡುವಾಗಲೇ ಮೌಂಟ್ ಜೋರಾಗಿ ತಿರುಗಿದರೆ ಆರು ಆಂಪಿಯರ್. ಬ್ಯಾಟರಿ ಹತ್ತಿರ 12.2 ವೋಲ್ಟ್, ಮೌಂಟ್ ಹತ್ತಿರ 10.7. ಅಷ್ಟಕ್ಕೇ ಮೌಂಟ್ ರೀಸೆಟ್. ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವ ಪೋಲಾರ್ ಅಲೈನ್‌ಮೆಂಟ್ ಒಂದು ಬಿಟ್ಟು ಉಳಿದದ್ದೆಲ್ಲ ಮತ್ತೆ ಮೊದಲಿಂದ.

ಲ್ಯಾಪ್‌ಟಾಪಿಗೆ ಅಂತ ಸಣ್ಣ ಇನ್ವರ್ಟರ್ ಇಟ್ಟಿದ್ದೆ. ಚಾರ್ಜರ್ ಎರಡು ಪಿನ್ನಿನದು. ಇಬ್ಬನಿಯಲ್ಲಿ ಬರಿಗಾಲಲ್ಲಿ ನಿಂತು ಟೆಲಿಸ್ಕೋಪಿನ ಟ್ಯೂಬ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಚಾರ್ಜರಿನ ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ ಸೋರುವ ಕರೆಂಟ್ ಅದು. ಯುಎಸ್‌ಬಿ ಕೇಬಲ್ ಹಿಡಿದು ಇಡೀ ಟೆಲಿಸ್ಕೋಪಿಗೆ ಬರುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಕಪ್ಪು, ಅಂದರೆ ನೆಗೆಟಿವ್ ತಂತಿಯಿಂದ. ಒಂದು ರಾತ್ರಿ ಕ್ಯಾಮೆರಾದ ನೆಗೆಟಿವ್ ಸಡಿಲವಾಗಿತ್ತು, ನನಗೆ ಗೊತ್ತಾಗಲಿಲ್ಲ. ಕ್ಯಾಮೆರಾ ನಿಲ್ಲಲೂ ಇಲ್ಲ. ಕತ್ತಲಲ್ಲಿ ಕೇಬಲ್ ಸರಿಸಲು ಹೋದರೆ ಯುಎಸ್‌ಬಿ ವೈರು ಬಿಸಿ ಕಾಫಿ ಲೋಟದ ಹಾಗಿತ್ತು. ಕೂಲರಿನ ಮೂರು ಆಂಪಿಯರ್ ಪೂರ್ತಿ ಆ ಕೂದಲೆಳೆಯಂಥ ತಂತಿಯಲ್ಲಿ ವಾಪಸ್ ಹೋಗುತ್ತಿತ್ತು. ಯುಎಸ್‌ಬಿ ಹಬ್ ಸತ್ತಿತು, ನಕ್ಷತ್ರದ ಮೇಲೆ ಕಣ್ಣಿಟ್ಟು ಮೌಂಟನ್ನು ತಿದ್ದುವ ಗೈಡ್ ಕ್ಯಾಮೆರಾ ಕೂಡ. ಹನ್ನೆರಡು ಸಾವಿರ ಚಿಲ್ಲರೆ.

ಅವತ್ತೇ ಎಲ್ಲ ಬಿಚ್ಚಿದೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ 100 ಎಎಚ್ (ಆಂಪಿಯರ್-ಗಂಟೆ) ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ನಾಲ್ಕು, ಅವನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್, ಫ್ಯೂಸ್ ಬ್ಲಾಕ್ ತಂದೆ. ಎಲ್ಲ ಸೇರಿ ಇಪ್ಪತ್ನಾಲ್ಕು ಸಾವಿರದ ಆಸುಪಾಸು. ಪಾಸಿಟಿವ್ ಟರ್ಮಿನಲ್ಲಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್. ಇದರಲ್ಲಿ ಮಾತ್ರ ಜುಗ್ಗತನ ಬೇಡ, ಈ ಸೆಲ್‌ಗಳು ಶಾರ್ಟ್ ಆದರೆ ಸ್ಪ್ಯಾನರನ್ನೇ ಕರಗಿಸುತ್ತವೆ. ಫ್ಯೂಸ್ ಬ್ಲಾಕ್ ಇರುವ ಡಬ್ಬಿವರೆಗೆ 4 ಚದರ ಮಿಮೀ ವೈರು, ಅಲ್ಲಿಂದ ಒಂದೊಂದು ಉಪಕರಣಕ್ಕೂ ಬೇರೆ ಫ್ಯೂಸ್. ಫ್ಯೂಸ್ ಏನಿದ್ದರೂ ಪಾಸಿಟಿವ್‌ಗೆ, ನೆಗೆಟಿವ್‌ಗೆ ಬೇಡವೇ ಬೇಡ. ನೆಗೆಟಿವ್ ಎಲ್ಲ ಒಂದೇ ತಾಮ್ರದ ಪಟ್ಟಿಗೆ, ಸ್ಕ್ರೂ ಹಾಕಿ ಬಿಗಿ. ಲ್ಯಾಪ್‌ಟಾಪ್ ಜಾಗಕ್ಕೆ 12 ವೋಲ್ಟಿನ ಮಿನಿ ಪಿಸಿ ಬಂತು, ಇನ್ವರ್ಟರ್ ಮನೆಗೆ ಹೋಯಿತು, ಜುಮ್ ಅನ್ನುವುದೂ ಅದರ ಜೊತೆಗೇ ಹೋಯಿತು.

ಟ್ರೈಪಾಡ್ ಪಕ್ಕ ಅರ್ಥಿಂಗ್ ರಾಡ್ ಹೊಡೆಯಲೇಬೇಕು ಅಂತ ಒಬ್ಬರು ಹಟ ಹಿಡಿದಿದ್ದರು. ಹೊಡೆದೂ ನೋಡಿದೆ, ಎರಡಡಿ, ಕೈಯಲ್ಲಿ ಬೊಬ್ಬೆ ಬಂತು. ಚಿತ್ರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೊಲದಲ್ಲಿ ಬರೀ 12 ವೋಲ್ಟ್ ಬ್ಯಾಟರಿ ಇದ್ದರೆ ನೆಲ ಬೇಕಿಲ್ಲ, ಎಲ್ಲದರ ನೆಗೆಟಿವ್ ಒಂದೇ ಕಡೆ ಸೇರಬೇಕು ಅಷ್ಟೇ. ಮನೆ ಟೆರೇಸಿನಲ್ಲಿ ಮೇನ್ಸ್ ಹಾಕುವವರಿಗೆ ಈ ಮಾತು ಅನ್ವಯಿಸಲ್ಲ. ಅಲ್ಲಿ ಸರಿಯಾದ ಅರ್ಥ್ ಮತ್ತು ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಪ್ಲಗ್ ಹಾಕಬೇಡಿ. ಗುಡುಗು ಕೇಳಿದರೆ ಎಲ್ಲಿದ್ದರೂ ಸರಿ, ಗಂಟುಮೂಟೆ ಕಟ್ಟಿ.

ನಡುವೆ, ಟೆಲಿಸ್ಕೋಪಿನ ಗಾಜಿನ ಮೇಲೆ ಇಬ್ಬನಿ ಕೂರದಂತೆ ಬೆಚ್ಚಗಿಡುವ ಡ್ಯೂ ಹೀಟರನ್ನೂ ನಾನೇ ಮಾಡಿದೆ. 330 ಓಮ್ ರೆಸಿಸ್ಟರ್ ಮೂವತ್ತು, ಪ್ಯಾರಲಲ್‌ನಲ್ಲಿ, ಸುಮಾರು 13 ವ್ಯಾಟ್. ಕಾಲು ವ್ಯಾಟಿನವು ಹಾಕಿದ್ದೆ, ಮೊದಲ ರಾತ್ರಿಯೇ ಸುಟ್ಟ ವಾಸನೆ. ಒಂದು ವ್ಯಾಟಿನವು ಹಾಕಿದ ಮೇಲೆ ಸರಿಹೋಯಿತು. ಆದರೆ ಕಂಟ್ರೋಲರ್ ಆನ್-ಆಫ್ ಆಗುವ ತಾಳಕ್ಕೆ ಫ್ರೇಮಿನಲ್ಲಿ ಗೆರೆ ಬರುತ್ತಿತ್ತು. ಹೀಟರಿನ ಎರಡು ತಂತಿಯನ್ನು ಜಡೆ ಹೆಣೆದ ಹಾಗೆ ಹೊಸೆದು ನೇರ ಡಬ್ಬಿಗೆ ಒಯ್ದೆ, ನೆಗೆಟಿವ್ ತಾಮ್ರದ ಪಟ್ಟಿಗೆ, ಪಾಸಿಟಿವ್ ತನ್ನ ಫ್ಯೂಸಿಗೆ. ಗೆರೆ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಭಾಗಕ್ಕೆ ಮಾಡಿದ್ದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನೆರಡು ಅಮಾವಾಸ್ಯೆ ಪರೀಕ್ಷೆ ಆಗಲಿ.

ಸರಾಸರಿ ಆಂಪಿಯರ್ ಲೆಕ್ಕದಲ್ಲಿ ಮೌಂಟ್ ಒಂದು, ಕ್ಯಾಮೆರಾ ಎರಡು, ಪಿಸಿ ಒಂದೂಕಾಲು, ಹೀಟರ್ ಒಂದು ಚಿಲ್ಲರೆ, ಒಟ್ಟು ಐದೂವರೆ ಆಂಪಿಯರ್ ಹತ್ತಿರ. ಬೆಳಗಿನ ಜಾವ ಪ್ಯಾಕ್ ಮಾಡುವಾಗ ಮೀಟರ್ ನೋಡಿದೆ. 52 ಎಎಚ್ ಖರ್ಚಾಗಿತ್ತು, ಇನ್ನೂ ಅರ್ಧ ಬ್ಯಾಟರಿ ಬಾಕಿ.